ಕಾಮಣ್ಣನ ಬೆಂಕಿಯಲ್ಲಿ ನಮ್ಮ ಹಸಿರು ಬಾಗಿಲು

ಬಣ್ಣ ಬಳಿದ ಹಳೆಯ ಬಾಗಿಲು ಉರಿಯುವ ವಾಸನೆ ನನಗೆ ಆಗುವುದಿಲ್ಲ. ಬರೀ ಕಟ್ಟಿಗೆ ಉರಿದರೆ ಏನೂ ಅನ್ನಿಸುವುದಿಲ್ಲ, ಕುಳ್ಳು ಉರಿದರೂ ಸರಿ. ಎಣ್ಣೆಬಣ್ಣ ಗುಳ್ಳೆ ಎದ್ದು ಸಿಡಿಯುವ ಆ ಘಾಟು ಮೂಗಿಗೆ ಬಿತ್ತೆಂದರೆ ಮಾತ್ರ ಅಲ್ಲಿ ಕೂಡಲಾಗುವುದಿಲ್ಲ. ಈ ಸಲ ಹೋಳಿ ಹಬ್ಬಕ್ಕೆ ಬೆಟಗೇರಿಯ ತಂಗಿಯ ಮನೆಗೆ ಹೋಗಿದ್ದೆ. ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಓಣಿಯ ತುದಿಯಲ್ಲಿ ಕಾಮಣ್ಣನನ್ನು ಸುಡುತ್ತಿದ್ದರು, ಯಾರದೋ ಬಣ್ಣದ ಕಿಟಕಿ ಬೆಂಕಿಗೆ ಬಿದ್ದಿತ್ತು. ಕಪ್ಪು ಕೆಳಗಿಟ್ಟು ಎದ್ದುಬಿಟ್ಟೆ.

"ಯಾಕಕ್ಕಾ, ಏನಾತು?" ಎಂದಳು ತಂಗಿ. ಚಪ್ಪಲಿ ಮೆಟ್ಟಿಕೊಂಡು ಊರ ಅಂಚಿನ ಹಾಸ್ಟೆಲ್ಲಿನ ಕಡೆ ನಡೆದೆ.

ಹಲವು ವರ್ಷಗಳ ಹಿಂದೆ ನಾನು ಆ ಹಾಸ್ಟೆಲ್ಲಿನ ವಾರ್ಡನ್. ಪದವಿ ಓದುವ ಹುಡುಗಿಯರು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಿಂದ ಬಂದವರು. ಎದುರಿಗೆ ನನ್ನನ್ನು 'ಅಕ್ಕಾರ' ಅನ್ನುತ್ತಿದ್ದರು, ಬೆನ್ನ ಹಿಂದೆ 'ಕೆಂಡದವ್ವ' ಅನ್ನುತ್ತಿದ್ದರಂತೆ. ಅನ್ನಲಿ ಬಿಡಿ. ಬಾಯಿ ಜೋರಿಲ್ಲದ ಹೆಂಗಸಿಗೆ ಅಷ್ಟು ಹುಡುಗಿಯರನ್ನು ಕಾಯಲು ಆಗುತ್ತದೆಯೇ?

ನಳದಲ್ಲಿ ನೀರು ಬರುವುದೆಂದರೆ ನಮಗೆ ಹಬ್ಬ. ಬಂದ ದಿನ ಕೊಡ, ಬಕೆಟ್ಟು, ಪಾತೇಲಿ, ಕೊನೆಗೆ ಊಟದ ತಟ್ಟೆಯೂ ತುಂಬುತ್ತಿತ್ತು. ಒಂದು ಬೇಸಿಗೆಯಲ್ಲಿ ಅದೂ ನಿಂತು, ಪರೀಕ್ಷೆಗೆ ಮೊದಲೇ ಹಾಸ್ಟೆಲ್ ಬಂದ್ ಮಾಡಿ ಹುಡುಗಿಯರನ್ನು ಊರಿಗೆ ಕಳಿಸಿದ್ದರು. ಹಿರೇವಡ್ಡಟ್ಟಿಯ ಸಾವಿತ್ರಿ ಗಂಟು ಹೊತ್ತು ಬಸ್ಸು ಹತ್ತುವಾಗ "ಪರೀಕ್ಷೆಗೆ ಬರ್ತೀನ್ರಿ ಅಕ್ಕಾರ" ಅಂದಿದ್ದಳು. ಬರಲಿಲ್ಲ. ಪಂಚಮಿ ಹೊತ್ತಿಗೆ ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಳು, ಕೊರಳಲ್ಲಿ ತಾಳಿ. "ಮುಂದಿನ ವರ್ಷ ಬರೀತೀನ್ರಿ" ಎಂದು ನೆಲ ನೋಡಿದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವಳ ಗಂಡನ ಎದುರೇ ಎರಡು ಮಾತು ಬೈದು ಬಂದೆ. ಪಾಪ, ಅವನೇನು ಮಾಡಿದ್ದ? ಹುಡುಗಿ ಮನೆಯಲ್ಲಿ ಕೂತರೆ ಹೊಸಿಲಿಗೆ ವರ ಬರುತ್ತಾನೆ, ಅದು ನಮ್ಮ ಕಡೆಯ ರೀತಿ.

ಆ ವರ್ಷ ದೀಪಾವಳಿ ಮುಗಿಯುತ್ತಲೇ ಮೇಲಿನ ಸಾಹೇಬರು ಕರೆಸಿದರು. "ಈ ಸಲಾನೂ ನೀರಿನ ತ್ರಾಸು ಆದ್ರ ಬಂದ್ ಮಾಡಬೇಕಾಗತೈತಿ ಮೇಡಂ."

"ಮಾಡ್ರಿ ಸರ. ಹುಡುಗ್ಯಾರನ್ನೆಲ್ಲಾ ನಿಮ್ಮ ಮನಿಗೆ ಕಳಸ್ತೀನಿ. ನಿಮ್ಮಲ್ಲಿ ಬೋರ್ ಐತೆಲ್ಲ?" ಅಂದೆ. ಅವರು ಕನ್ನಡಕ ಒರೆಸಿಕೊಂಡರು. ಮಾತಿನಲ್ಲಿ ಗೆದ್ದು ಬಂದೆ, ನೀರು ಮಾತ್ರ ಬರಲಿಲ್ಲ.

ದಾರಿ ತೋರಿಸಿದವಳು ರತ್ನಾ, ಲಕ್ಷ್ಮೇಶ್ವರದ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. "ಅಕ್ಕಾರ, ಕುಡಿಯಾಕ ನೀರು ಕಮ್ಮಿ ಬಿದ್ದಿಲ್ಲರಿ. ಒಳ್ಳೆ ನೀರನ್ನ ಸಂಡಾಸಕ್ಕ ಸುರದು ಖಾಲಿ ಮಾಡಾಕತ್ತೇವಿ" ಎಂದಳು. ಜಳಕದ ನೀರು, ಬಟ್ಟೆ ತೊಳೆದ ನೀರು, ಅಡುಗೆಮನೆಯ ನೀರು ಎಲ್ಲ ಗೋಡೆಯ ಕಿಂಡಿಯಿಂದ ಹೊರಗೆ ಹರಿದು ಹೋಗುತ್ತಿತ್ತು. ಅದನ್ನೇ ಹಿಡಿದು, ತಿಳಿಮಾಡಿ, ಸಂಡಾಸಕ್ಕೆ ಮತ್ತು ನೆಲ ತೊಳೆಯಲಿಕ್ಕೆ ಬಳಸಿದರೆ ಬೇಸಿಗೆ ದಾಟುತ್ತೇವೆ ಎಂಬುದು ಅವಳ ಲೆಕ್ಕ.

ಹಿತ್ತಲಲ್ಲಿ ಬಳಕೆ ತಪ್ಪಿದ ಒಂದು ಹಳೆಯ ಗುಂಡಿಯಿತ್ತು. ಎರಡಾಳು ಆಳ, ಬಾಯಿ ಒಂದು ಬಾಗಿಲು ಮುಚ್ಚುವಷ್ಟು ಅಗಲ. ನೀರೆಲ್ಲ ಮೊದಲು ಅದಕ್ಕೆ ಬಿದ್ದು ಕೆಸರು ತಳಕ್ಕೆ ಕೂಡಬೇಕು. ತಿಳಿಯಾದದ್ದನ್ನು ದಿನಾ ಮೋಟರಿನಿಂದ ಎತ್ತಿ, ಸುತ್ತ ಗಿಡ್ಡ ಗೋಡೆ ಕಟ್ಟಿ ಜಲ್ಲಿ, ಉಸುಕು, ಇದ್ದಿಲು ತುಂಬಿದ ಉದ್ದನೆಯ ಮಡಿಗೆ ಬಿಡಬೇಕು. ಮಡಿಯ ತುಂಬ ಬಾಳೆಯಂಥ ಎಲೆಯ ಕಾಬಾಳೆ ಹೂಗಿಡ ನೆಟ್ಟೆವು, ಅದರ ಬೇರು ಹೊಲಸನ್ನು ತಿನ್ನುತ್ತದೆ. ಮಡಿ ದಾಟಿದ ನೀರು ಇನ್ನೊಂದು ತೊಟ್ಟಿಗೆ, ಅಲ್ಲಿಂದ ಮತ್ತೆ ಮೋಟರು ಹಚ್ಚಿ ಮಾಳಿಗೆಯ ಟಾಕಿಗೆ. ಹುಡುಗಿಯರೇ ಪುಟ್ಟಿ ಹೊತ್ತು ಜಲ್ಲಿ ಸುರಿದರು. ಗುಂಡಿಯ ಬಾಯಿಗೆ ಸಿಮೆಂಟಿನ ಮುಚ್ಚಳ ಆಮೇಲೆ ಹಾಕಿಸೋಣ ಎಂದು ಉಗ್ರಾಣದ ಹಳೆಯ ಹಸಿರು ಬಾಗಿಲನ್ನು ಅಡ್ಡ ಹಾಸಿದೆವು. ಸೊಳ್ಳೆ, ವಾಸನೆ ಏಳಬಾರದೆಂದು ಮೇಲೊಂದು ದಪ್ಪ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರಿದೆವು. ಗಟ್ಟಿ ಬಾಗಿಲು. ಅದರ ಮೇಲೆ ಎಲ್ಲರೂ ಸಲೀಸಾಗಿ ಓಡಾಡುತ್ತಿದ್ದರು.

ಮೊದಲ ಜಗಳ ಒಳಗೇ ಎದ್ದಿತು. "ಕಂಡಕಂಡವರ ಮೈ ತೊಳದ ನೀರು ನಾ ಮುಟ್ಟಾಂಗಿಲ್ಲ. ಯಾವ ಯಾವ ಮನಿಯವರೋ ಏನೋ" ಎಂದು ಒಬ್ಬಳು ಮೂಗು ಮುರಿದಳು. ಯಾವ ಮನೆ ಎಂದರೆ ಯಾವ ಜಾತಿ ಅಂತ ಎಲ್ಲರಿಗೂ ತಿಳಿಯಿತು. ರತ್ನಾ ಒಂದು ಬಕೆಟ್ ನೀರು ತಂದು ಅವಳ ತಲೆಯ ಮೇಲೇ ಸುರಿದಳು. ಜಡೆಗೆ ಜಡೆ ಹತ್ತಿತು. ಬಿಡಿಸಲು ಹೋದ ನನ್ನ ಬಳೆ ಒಡೆದು ಕೈ ಕೊಯ್ಯಿತು. ರಕ್ತದ ಕೈಯಿಂದಲೇ ಇಬ್ಬರಿಗೂ ಒಂದೊಂದು ಬಾರಿಸಿ, "ಸಾವಿತ್ರಿ ಗತಿ ನೆನಪೈತೋ ಇಲ್ಲೋ? ನೀರು ಬ್ಯಾಡಾದವರು ಈಗ ಗಂಟು ಕಟ್ರಿ" ಅಂದೆ. ಯಾರೂ ಕಟ್ಟಲಿಲ್ಲ. ಆ ಮೂಗು ಮುರಿದವಳೇ ವಾರ ಕಳೆಯುವುದರಲ್ಲಿ ಕಾಬಾಳೆಯ ಒಣ ಎಲೆ ಆರಿಸುತ್ತಿದ್ದಳು.

ಎರಡನೆಯ ಜಗಳ ಹೊರಗಿನದು. ಗೋಡೆಯ ಆಚೆ ಫಕೀರಪ್ಪನ ಹೊಲ. ಗಟ್ಟಿ ಆಸಾಮಿ, ಎಮ್ಮೆ ಕಟ್ಟಿ ಹಾಲು ಮಾರುವವನು. ನಮ್ಮ ಕಿಂಡಿಯಿಂದ ಹರಿದ ನೀರಿನಲ್ಲಿ ಎಮ್ಮೆಗೆ ಹುಲ್ಲು, ಪೇಟೆಗೆ ಮೆಂತೆ, ರಾಜಗಿರಿ ಬೆಳೆಯುತ್ತಿದ್ದ. ಅವನ ಮೆಂತೆ ಸೊಪ್ಪಿಗೆ ಬೆಟಗೇರಿಯಲ್ಲಿ ಹೆಸರಿತ್ತು. ಕಾಲುವೆ ಒಣಗಿದ ಕೂಡಲೇ ರುಮಾಲು ಸುತ್ತಿಕೊಂಡು ಗೇಟಿಗೆ ಬಂದ.

"ಅಕ್ಕಾರ, ನಮ್ಮ ನೀರು ಎಲ್ಲಿ ಹೋತ್ರಿ?"

"ನಿಮ್ಮ ನೀರು ಯಾವ್ದರಿ ಫಕೀರಪ್ಪಾರ?"

"ನಿಮ್ಮ ಬಚ್ಚಲ ನೀರರಿ. ಹಾಸ್ಟೆಲ್ ಆದಾಗಿಂದ ನಮ್ಮ ಹೊಲಕ್ಕ ಬರತೈತಿ. ನಾ ಏನು ಹೊಸಾದು ಕೇಳಾಕತ್ತಿಲ್ಲ."

"ಹುಡುಗ್ಯಾರು ಪರೀಕ್ಷೆ ಬರಿಯೂತನಾ ತಡೀರಿ. ತೊಳದ ನೀರು ಹೆಚ್ಚಾದದ್ದು ನಿಮಗ ಬಿಡ್ತೀವಿ."

"ಆ ತಿಳಿನೀರು ತಗೊಂಡು ಏನ್ ಮಾಡ್ಲಿ ನಾನು? ಅದರಾಗ ಕಸುವು ಎಲ್ಲೈತ್ರಿ? ತೀರ್ಥ ಹಾಕಿ ಹುಲ್ಲು ಬೆಳ್ಯಾಕ ಬರತೈತೇನು?"

ನನಗೆ ನಗು ಬಂತು, ನಕ್ಕುಬಿಟ್ಟೆ. ಗಂಡಸಿನ ಸಿಟ್ಟಿಗೆ ಹೆಂಗಸಿನ ನಗೆ ಎಂದರೆ ಬೆಂಕಿಗೆ ತುಪ್ಪ. ಅವನು ರುಮಾಲು ಬಿಚ್ಚಿ ಝಾಡಿಸಿ, "ನೋಡ್ತೀನಿ ಹೆಂಗ ಉಳಸಕೋತೀರಿ ಅಂತ" ಎಂದು ಹೋದ.

ಮರುದಿನವೇ ಮಡಿಗೆ ಹೋಗುವ ಪೈಪು ಜಜ್ಜಿ ಬಿದ್ದಿತ್ತು. ಹೊಸದು ಹಾಕಿಸಿದೆವು. ಕಾಬಾಳೆಯ ಮೇಲೆ ಎಮ್ಮೆಯ ಕರು ಬಿಟ್ಟ. ಅದನ್ನು ಹೊಡೆದೋಡಿಸಲು ಹೋದ ನಮ್ಮ ಅಡುಗೆಯ ಗಂಗವ್ವನನ್ನು ರಟ್ಟೆ ಹಿಡಿದು ನೂಕಿದ, ಅವಳು ಜಲ್ಲಿಯ ಮೇಲೆ ಬಿದ್ದು ಮೊಣಕೈ ಕಿತ್ತುಕೊಂಡಳು. ಅಂದು ಸಂಜೆ ಗೋಡೆಯ ಆಚೆಯಿಂದ ಕಲ್ಲು ಬಂದವು. ಒಂದು ಕಲ್ಲು ರತ್ನಾಳ ಹುಬ್ಬಿಗೆ ಬಡಿದು ಮುಖವೆಲ್ಲ ರಕ್ತ. ಹುಡುಗಿಯರೇನು ಸುಮ್ಮನಿದ್ದರೇ? ಬಂದ ಕಲ್ಲನ್ನೇ ಎತ್ತಿ ತಿರುಗಿ ಎಸೆದರು. ಆಚೆ ಫಕೀರಪ್ಪನ ಮಗ ಬಸ್ಯಾ ಅಯ್ಯಯ್ಯೋ ಎಂದದ್ದು ಕೇಳಿ ಹೋ ಎಂದು ಕೂಗಿದರು. ನಾನು ಬೈಯಬೇಕಿತ್ತು, ಬೈಯಲಿಲ್ಲ. ಪೊಲೀಸಿನವರು ಬಂದು "ಹೊಂದಿಕೊಂಡು ಹೋಗ್ರಿ" ಎಂದು ಚಹಾ ಕುಡಿದು ಹೋದರು.

ಬಸ್ಯಾ ಬಾಡಿಗೆಗೆ ಗೂಡ್ಸ್ ಗಾಡಿ ಓಡಿಸುವವನು, ಕುಸ್ತಿ ಆಡಿದ ಮೈ, ಓಣಿಯ ಹುಡುಗರಿಗೆಲ್ಲ ನಾಯಕ. ಗೇಟಿನ ಮುಂದೆ ಗಾಡಿ ನಿಲ್ಲಿಸಿ ಹಾರ್ನು ಬಾರಿಸುವುದು, ಹುಡುಗಿಯರನ್ನು "ಏ ಬಚ್ಚಲ ರಾಣ್ಯಾರ!" ಎಂದು ಕೂಗುವುದು ಅವನ ಕೆಲಸ. ನಾನು ಒಮ್ಮೆ ಕಸಬರಿಗೆ ಹಿಡಿದು ಗಾಡಿಯ ಹಿಂದೆ ಓಡಿದ್ದೂ ಉಂಟು.

ಹೀಗೇ ಶಿವರಾತ್ರಿ ಕಳೆಯಿತು. ನಳಕ್ಕೆ ನೀರು ಬರುವ ದಿನಗಳು ದೂರ ದೂರ ಸರಿದವು, ಆದರೆ ನಮ್ಮ ತೊಟ್ಟಿ ಬತ್ತಲಿಲ್ಲ. ಕಾಬಾಳೆ ಕೆಂಪು ಹೂ ಬಿಟ್ಟಿತು. ಸಾಹೇಬರು ಬಂದು ನೀರು ಮೂಸಿ ನೋಡಿ, "ಹಿಂಗ ನಡಸ್ರಿ ಮೇಡಂ, ಬಂದ್ ಮಾಡಾಂಗಿಲ್ಲ. ಆದ್ರ ಒಂದು ತಕರಾರು ಬಂತಂದ್ರ ನನ್ನ ಕೈಯಾಗ ಇರಾಂಗಿಲ್ಲ" ಎಂದರು. ಪರೀಕ್ಷೆ ಇನ್ನೇನು ಬಂತು ಎಂದು ಹುಡುಗಿಯರು ಪುಸ್ತಕ ಹಿಡಿದು ಕೂತರು.

ಆಮೇಲೆ ಹೋಳಿ ಹುಣ್ಣಿಮೆ. ಕಾಮಣ್ಣನಿಗೆ ಕಟ್ಟಿಗೆ ಕದಿಯುವುದು ನಮ್ಮ ಕಡೆ ಕಳ್ಳತನವಲ್ಲ. ಕಳಕೊಂಡವನು ಮಾರನೆಯ ದಿನ ಬೆಂಕಿಯ ಮುಂದೆ ನಿಂತು ತನ್ನ ಹಗ್ಗದ ಹೊರಸಿನ ಕಾಲು ಉರಿಯುವುದನ್ನು ನೋಡಿ ನಗಬೇಕು, ಅಷ್ಟೇ. ದೂರು ಕೊಟ್ಟವನೇ ಹುಚ್ಚ. ಅದಕ್ಕೆ ನಾವೂ ಬೆಂಚು, ಮಂಚ, ಏಣಿ ಎಲ್ಲ ಒಳಗೆ ಎಳೆದುಕೊಂಡೆವು. ಗಂಗವ್ವ ತನ್ನ ಲಟ್ಟಣಿಗೆಯನ್ನೂ ದಿಂಬಿನ ಕೆಳಗಿಟ್ಟುಕೊಂಡಳು. ಗುಂಡಿಯ ಮೇಲಿನ ಹಸಿರು ಬಾಗಿಲು ಯಾರಿಗೂ ನೆನಪಾಗಲಿಲ್ಲ. ಅದು ಮುಚ್ಚಳವಾಗಿಬಿಟ್ಟಿತ್ತು, ಕಟ್ಟಿಗೆಯೆಂದು ನಮ್ಮ ಯಾರ ಕಣ್ಣಿಗೂ ಕಾಣಲಿಲ್ಲ.

ಬೆಳಿಗ್ಗೆ ಓಣಿಯಲ್ಲಿ ತೊಗಲಿನ ಹಲಗೆ ಬಡಿಯುವ ಸದ್ದು, ಬೊಬ್ಬೆ. ಗಾಳಿ ನಮ್ಮ ಕಡೆಗೇ ಇತ್ತು. ಗಂಗವ್ವ ರೊಟ್ಟಿ ತಟ್ಟುತ್ತ ಮೂಗು ಏರಿಸಿದಳು. "ಯಾರದೋ ಬಾಗಲಾ ಸುಡಾಕತ್ತಾರ ನೋಡ್ರಿ ಅಕ್ಕಾರ. ಬಣ್ಣದ ವಾಸನಿ."

"ಯಾರ ಮನಿ ಬಯಲಾತೋ ಏನೋ" ಅಂದೆ. ಇಬ್ಬರೂ ನಕ್ಕೆವು.

ಹುಡುಗಿಯರಿಗೆ ಓಕುಳಿ ಬೇಡ ಎಂದಿದ್ದೆ. ಬಣ್ಣ ಬಚ್ಚಲಿಗೆ ಇಳಿದರೆ ಕಾಬಾಳೆ ಸಾಯುತ್ತದೆ. ಮುಖ ಊದಿಸಿಕೊಂಡು ಒಳಗೆ ಕೂತಿದ್ದರು. ಮಧ್ಯಾಹ್ನ, ಊರೆಲ್ಲ ಓಕುಳಿಯಲ್ಲಿ ಮುಳುಗಿದ್ದಾಗ, ಹಿತ್ತಲಿಂದ ಗಂಗವ್ವನ ಚೀರಾಟ. "ಅಕ್ಕಾರ! ಫಕೀರಪ್ಪ ಗುಂಡ್ಯಾಗ ಬಿದ್ದಾನ್ರೀ!"

ಓಡಿದೆ. ತಾಡಪತ್ರಿ ನಡುವೆ ಕುಸಿದು ಗುಂಡಿ ಬಾಯಿ ತೆರೆದಿತ್ತು. ಅಂಚಿನಲ್ಲಿ ಅವನ ಕಬ್ಬಿಣದ ಹಾರೆ. ಯಾರೂ ಇರುವುದಿಲ್ಲವೆಂದು ಮಡಿಯ ಗೋಡೆ ಒಡೆಯಲು ಬಂದವನು, ಎಲ್ಲರೂ ಓಡಾಡುವ ಹಾಗೆಯೇ ಅದರ ಮೇಲೆ ಕಾಲಿಟ್ಟಿದ್ದ. ಕೆಳಗೆ ಬಾಗಿಲೇ ಇರಲಿಲ್ಲ. ಕೊಳೆತ ಮೊಟ್ಟೆಯ ವಾಸನೆ ಗಪ್ಪನೆ ಹೊಡೆಯಿತು. ಆಳದಲ್ಲಿ ಅವನು ಮೊಣಕಾಲೂರಿ ಗೋಡೆಗೆ ಒರಗಿದ್ದ, ತಲೆ ವಾಲಿತ್ತು, ಕೂಗುತ್ತಿರಲಿಲ್ಲ.

ಹಿಂದೆ ಶಿರಹಟ್ಟಿಯಲ್ಲಿದ್ದಾಗ ನೆರೆಮನೆಯ ಗುಂಡಿಗೆ ಒಬ್ಬ ಇಳಿದದ್ದು, ಅವನನ್ನು ಎತ್ತಲು ತಮ್ಮ ಇಳಿದದ್ದು, ಇಬ್ಬರೂ ಹೆಣವಾಗಿ ಬಂದದ್ದು ಕಣ್ಣಾರೆ ಕಂಡಿದ್ದೆ. "ಯಾರೂ ಇಳೀಬ್ಯಾಡ್ರಿ! ಪಾತಾಳಗರಡಿ ತರ್ರಿ!" ಎಂದು ಅರಚಿದೆ. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು, ಅಡುಗೆಮನೆಯಲ್ಲಿ ತೂಗುತ್ತಿತ್ತು. ರತ್ನಾ ಓಡಿದಳು.

ಅಷ್ಟರಲ್ಲಿ ಗಂಗವ್ವನ ಕೂಗು ಕೇಳಿ ಗೋಡೆ ಹಾರಿ ಬಸ್ಯಾ ಬಂದ. ಮುಖದ ತುಂಬ ಬೆಳ್ಳಿಬಣ್ಣ. ಕುಸಿದ ತಾಡಪತ್ರಿ ನೋಡಿದ್ದೇ "ಎಪ್ಪಾ!" ಎಂದು ಒಂದು ಕೂಗು ಹಾಕಿದ. ಅಂಥ ಕೂಗು ಮನುಷ್ಯರ ಬಾಯಿಂದ ಬರುವುದನ್ನು ನಾನು ಮತ್ತೆ ಕೇಳಿಲ್ಲ.

"ಇಳೀಬ್ಯಾಡಲೇ! ಗ್ಯಾಸ್ ಐತಿ, ನೀನೂ ಸಾಯ್ತಿ!"

"ಬಿಡ್ರೀ! ನಮ್ಮಪ್ಪರೀ!" ಎಂದು ನನ್ನನ್ನು ಎದೆಗೆ ನೂಕಿದ. ನಾನು ಅಂಗಾತ ಬಿದ್ದೆ. ಅವನು ಅಂಚಿಗೆ ಕೂತು ಒಂದು ಕಾಲು ಒಳಗೆ ಬಿಟ್ಟಿದ್ದ. ನನ್ನ ಕೈಗೆ ಸಿಕ್ಕದ್ದು ಅವನಪ್ಪನ ಹಾರೆ. ಎತ್ತಿ ಹೊರಗಿದ್ದ ಕಾಲಿಗೆ ಹೊಡೆದೆ. ಪೂರಾ ಶಕ್ತಿ ಹಾಕಿ ಹೊಡೆದೆ, ಎಲುಬು ಮುರಿದದ್ದು ಕೇಳಿಸಿತು. ಅವನು ಹೊರಕ್ಕೆ ಹೊರಳಿದ. "ಕುಂಡ್ರಿರೇ ಅವನ ಮ್ಯಾಲೆ!" ಅಂದೆ. ಹುಡುಗಿಯರು ಹಿಂಡು ಹಿಂಡಾಗಿ ಬಿದ್ದು ಅವನ ಬೆನ್ನು, ಕೈ, ಕತ್ತು ಅಮರಿ ಕೂತರು. ಅವನು ಒಬ್ಬಳ ಕೈ ಕಚ್ಚಿದ, ಒಬ್ಬಳ ಹೊಟ್ಟೆಗೆ ಗುದ್ದಿದ, ಬೈದ, ಅತ್ತ. ಅವರು ಬಿಡಲಿಲ್ಲ.

ಗರಡಿ ಬಿಟ್ಟೆವು. ಧೋತರಕ್ಕೆ ಸಿಕ್ಕಿ ಧೋತರ ಹರಿಯಿತು. ಮತ್ತೆ ಬಿಟ್ಟೆವು. ಬಗಲಿಗೆ ಕೊಕ್ಕೆ ನೆಟ್ಟಿತು, ಅಂಗಿಗಷ್ಟೇ ಅಲ್ಲ, ಮಾಂಸಕ್ಕೇ ನೆಟ್ಟಿತು. ಎಳೆಯದೇ ಬೇರೆ ದಾರಿ ಇರಲಿಲ್ಲ. ಹಗ್ಗ ಅಂಗೈ ಸುಲಿಯಿತು. ಮೇಲೆ ಬಂದಾಗ ಅವನ ಮೈಯೆಲ್ಲ ಕಪ್ಪು ಕೆಸರು, ತುಟಿ ನೀಲಿ. ರತ್ನಾ ಬಾಯೊಳಗೆ ಕೈ ಹಾಕಿ ಕೆಸರು ಬಳಿದು ಎದೆ ಒತ್ತಿದಳು. ಎಲ್ಲೋ ಒಂದು ಉಸಿರು ಗೊರಕ್ ಎಂದಿತು.

ಆಟೋದಲ್ಲಿ ಫಕೀರಪ್ಪನ ತಲೆ ಬಸ್ಯಾನ ತೊಡೆಯ ಮೇಲೆ, ಬಸ್ಯಾನ ಮುರಿದ ಕಾಲು ನನ್ನ ತೊಡೆಯ ಮೇಲೆ. ರತ್ನಾ ಡ್ರೈವರನ ಪಕ್ಕ. ರಸ್ತೆಯ ತುಂಬ ಬಣ್ಣದ ಬ್ಯಾರಲ್ಲು, ಕುಣಿತ. ಒಂದು ಸರ್ಕಲ್ಲಿನಲ್ಲಿ ಹುಡುಗರು ಅಡ್ಡಗಟ್ಟಿದರು. "ಬಸ್ಯಾ ಹೊಂಟಾನಲೇ, ಹಾಕ್ರಿ!" ಎಂದು ಬಕೆಟ್ಟುಗಟ್ಟಲೆ ಕೆಂಪು ನೀರು ಒಳಗೆ ಸುರಿದರು. ಸಾಯುತ್ತಿರುವವನ ಮುಖದ ಮೇಲೆ, ತೆರೆದ ಬಾಯಿಗೆ ಬಣ್ಣ. ಬಸ್ಯಾ ಎರಡೂ ಕೈಯಿಂದ ಅಪ್ಪನ ಮುಖ ಮುಚ್ಚಿ "ಬ್ಯಾಡ್ರಲೇ, ಬ್ಯಾಡ್ರೋ" ಅನ್ನುತ್ತಿದ್ದ, ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ರತ್ನಾ ಇಳಿದು ಕಾಲಿನ ಚಪ್ಪಲಿ ಕೈಗೆ ತಗೊಂಡು ಎದುರು ಸಿಕ್ಕವನ ಕೆನ್ನೆ, ತಲೆ, ಬಾಯಿ ಎನ್ನದೆ ಬಡಿದಳು. ಆಗ ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ಬಣ್ಣ ಒರೆಸಿ, ಕಣ್ಣು ಬಿಡಿಸಿ ನೋಡಿ, ತಲೆ ಅಲ್ಲಾಡಿಸಿದರು.

ಬಸ್ಯಾ ನನ್ನ ಕಡೆ ತಿರುಗಿದ. "ನೀವು ಕೊಂದ್ರಿ. ನಾ ಇಳದಿದ್ರ ಅಪ್ಪ ಬದುಕ್ತಿದ್ದ."

"ಇಳದಿದ್ರ ನಿಮ್ಮವ್ವಗ ಇವತ್ತ ಎರಡು ಹೆಣ ಹೋಗ್ತಿದ್ದುವಲೇ" ಅಂದೆ. ಅನ್ನಬಾರದಿತ್ತೋ ಏನೋ. ನಾನೂ ಅಳುತ್ತಿದ್ದೆ.

ಹಾಸ್ಟೆಲ್ಲಿಗೆ ಮರಳುವ ಹೊತ್ತಿಗೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಹುಡುಗಿಯರು ನೂಕಿ ಕೊಂದರಂತೆ, ವಾರ್ಡನ್ ಮಗನ ಕಾಲು ಮುರಿದಳಂತೆ. ಸಂಜೆ ಬಣ್ಣ ಕೂಡ ತೊಳೆಯದ ಜನ ಗೇಟಿಗೆ ಮುತ್ತಿದರು. ಮುಂದೆ ಫಕೀರಪ್ಪನ ಹೆಂಡತಿಯ ಅಣ್ಣ, ಕೈಯಲ್ಲಿ ಕೊಡಲಿ. "ಗುಂಡಿ ತೆರದಿಟ್ಟು ಬಲಿ ತಗೊಂಡಾರ! ಒಡೀರಿ ಎಲ್ಲಾ!" ಕಿಟಕಿಯ ಗಾಜು ಒಂದೊಂದಾಗಿ ಉದುರಿದವು. ಒಳಗೆ ಹುಡುಗಿಯರು ಒನಕೆ, ಕಸಬರಿಗೆ, ಕಾಯಿಸಿದ ನೀರು ಹಿಡಿದು ನಿಂತಿದ್ದರು, ಅಳುತ್ತಲೇ ನಿಂತಿದ್ದರು. ಸಾಹೇಬರ ಫೋನು ಬಂತು. "ನಾಳಿಗೆ ಎಲ್ಲಾರನ್ನೂ ಊರಿಗೆ ಕಳಸ್ರಿ ಮೇಡಂ. ಬಂದ್." ಅಷ್ಟೂ ಜಲ್ಲಿ ಹೊತ್ತದ್ದು, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡದ್ದು, ಎಲ್ಲ ಒಂದು ಮಾತಿಗೆ ಮುಗಿಯಿತು. ಕಣ್ಣ ಮುಂದೆ ಅಷ್ಟೂ ಹುಡುಗಿಯರ ಕೊರಳಲ್ಲಿ ಸಾವಿತ್ರಿಯ ತಾಳಿ ಕಂಡಿತು.

ಗೇಟು ಬಾಗತೊಡಗಿದಾಗ ಒಂದು ಆಟೋ ಬಂದು ನಿಂತಿತು. ಬಸ್ಯಾ ಇಳಿದ. ಕಾಲಿಗೆ ಪಟ್ಟಿ, ಮುಖದಲ್ಲಿ ಬೆಳ್ಳಿಬಣ್ಣ ಇನ್ನೂ ಹಾಗೇ, ಕಣ್ಣೀರು ಹರಿದಲ್ಲಿ ಮಾತ್ರ ಚರ್ಮ ಕಾಣುತ್ತಿತ್ತು. ಆಟೋದ ಕಂಬ ಹಿಡಿದು ನಿಂತ.

"ಮಾವಾ, ಬಿಡು. ಮುಚ್ಚಳ ಇತ್ತು."

"ಏನಲೇ?"

"ಮುಚ್ಚಳ ಇತ್ತೋ ಮಾವಾ. ನಾನ ಕದ್ದೆ, ನಿನ್ನೆ. ಹಸರ ಬಾಗಲಾ. ಇವರಿಗೆ ಗೊತ್ತಾಗಬಾರದಂತ ತಾಡಪತ್ರಿ ಮತ್ತ ಹಂಗ ಎಳದಿಟ್ಟು ಕಲ್ಲು ಹೇರಿದೆ. ಮುಂಜಾನೆ ಬೆಂಕಿಗೂ ನಾನ ಹಾಕಿದೆ. ಹುಡುಗ್ಯಾರದು ಏನೂ ತಪ್ಪಿಲ್ಲ. ಅಪ್ಪನ್ನ ಎಳದು ತಗದವರೂ ಅವರ."

ಮಾವ ಕೊಡಲಿ ಕೆಳಗೆ ಹಾಕಿ ಹೋಗಿ ಅವನ ಕಪಾಳಕ್ಕೆ ಬಾರಿಸಿದ. ಬಸ್ಯಾ ಕೈ ಅಡ್ಡ ತರಲಿಲ್ಲ. ಮತ್ತೆ ಹೊಡೆದ, ಬಿದ್ದವನನ್ನು ಒದ್ದ, ಕೊನೆಗೆ ತಾನೇ ಅವನ ಮೇಲೆ ಕುಸಿದು ಹೋ ಎಂದು ಅತ್ತ. ಆಮೇಲೆ ಒಂದು ಕಲ್ಲೂ ಬೀಳಲಿಲ್ಲ. ಪೊಲೀಸರ ಮುಂದೆಯೂ ಬಸ್ಯಾ ಅದನ್ನೇ ಹೇಳಿದ. ಸಾಹೇಬರು ಬಂದ್ ಮಾತು ಹಿಂದೆ ತೆಗೆದುಕೊಂಡರು.

ಗುಂಡಿಗೆ ಸಿಮೆಂಟಿನ ಮುಚ್ಚಳ ಬಿತ್ತು. ಅಡುಗೆಮನೆಯ ಮುಸುರೆ ನೀರನ್ನು ಗುಂಡಿಗೆ ಬಿಡುವುದು ನಿಲ್ಲಿಸಿದೆವು. ಡ್ರಮ್ಮಿನಲ್ಲಿ ತುಂಬಿ ಫಕೀರಪ್ಪನ ಎಮ್ಮೆಗಳಿಗೆ ಕೊಟ್ಟೆವು. ಅವನ ಹೆಂಡತಿ ಬಂದು ಡ್ರಮ್ಮು ಒಯ್ಯುತ್ತಿದ್ದಳು, ತೊಳೆದು ತಂದು ಗೇಟಿನ ಹೊರಗೇ ಇಟ್ಟು ಹೋಗುತ್ತಿದ್ದಳು. ಬೇಸಿಗೆ ಉರಿಯಿತು, ತೊಟ್ಟಿ ಬತ್ತಲಿಲ್ಲ. ಎಲ್ಲ ಹುಡುಗಿಯರೂ ಪರೀಕ್ಷೆ ಬರೆದರು. ಸಾವಿತ್ರಿ ಬರೆಯಲಿಲ್ಲ. ಆ ಮಳೆಗಾಲದಲ್ಲಿ ನನಗೆ ವರ್ಗವಾಯಿತು. ಹೊರಡುವ ದಿನ ಬಸ್ಯಾ ಊರುಗೋಲು ಹಿಡಿದು ಹೊಲದಲ್ಲಿ ನಿಂತಿದ್ದ, ನನ್ನನ್ನು ನೋಡಿ ಮುಖ ತಿರುಗಿಸಿದ.

ಈ ಸಲ ಹೋದಾಗ ಗೋಡೆಯ ಮೇಲೆ ಕಾಬಾಳೆಯ ಕೆಂಪು ಹೂ ಇಣುಕುತ್ತಿದ್ದವು. ಹಿತ್ತಲಲ್ಲಿ ಗುಂಡಿಯ ಮುಚ್ಚಳದ ಮೇಲೆ ಒಬ್ಬ ಬಡಿಗೆ ಹಿಡಿದು ಕೂತಿದ್ದ. ಹೊಟ್ಟೆ ಬಂದಿತ್ತು, ಕೂದಲು ಹೋಗಿತ್ತು. ಚಾಚಿದ ಎಡಗಾಲು ನೋಡಿ ಗುರುತು ಹಿಡಿದೆ. ಪ್ರತಿ ವರ್ಷ ಹೋಳಿ ಬಂದರೆ ಹೀಗೇ ಕೂಡುತ್ತಾನಂತೆ, ಹುಣ್ಣಿಮೆಯ ದಿನದಿಂದ ಓಕುಳಿ ಮುಗಿಯುವವರೆಗೆ. ಸಿಮೆಂಟಿನ ಮುಚ್ಚಳ ಯಾರು ಕದಿಯುತ್ತಾರೆ ಎಂದು ನಾನು ಕೇಳಲಿಲ್ಲ.

"ಬರ್ರಿ ಅಕ್ಕಾರ, ಕುಂಡ್ರಿ" ಎಂದು ಸರಿದು ಜಾಗ ಬಿಟ್ಟ.

"ಕಾಲು ಹೆಂಗೈತೋ?"

"ಥಂಡಿಗೆ ನೋಯ್ತೈತ್ರಿ."

ನಾನು ಪಕ್ಕದಲ್ಲಿ ಕೂತೆ. ಓಣಿಯ ಬೆಂಕಿಯ ಘಾಟು ಇಲ್ಲಿಯವರೆಗೂ ಬರುತ್ತಿತ್ತು. ನನ್ನ ಸ್ವಭಾವವೇ ಹಾಗೆ, ಬಾಯಿ ತಡೆಯಲಿಲ್ಲ. "ನನ್ನ ಮ್ಯಾಲೆ ಇನ್ನೂ ಸಿಟ್ಟು ಐತೇನೋ ಬಸ್ಯಾ?"

"ಐತ್ರಿ."

"ನಾ ಹೊಡದದ್ದಕ್ಕ?"

"ಅಲ್ಲರಿ" ಎಂದ. ಬಡಿಗೆಯಿಂದ ಮುಚ್ಚಳದ ಅಂಚು ಮೆಲ್ಲಗೆ ತಟ್ಟಿದ. "ಆ ಪೆಟ್ಟು ಹಿಂದಿನ ದಿನಾನ ಹೊಡೀಬೇಕಿತ್ರಿ ಅಕ್ಕಾರ, ನಾ ಬಾಗಲಕ್ಕ ಕೈ ಹಚ್ಚಿದಾಗ."